ದೂರಿಗೆ ದೊರೆಯುವ ಉತ್ತರ

2020ರಲ್ಲಿ ಕೋವಿಡ್ ಪಿಡುಗಿನಿಂದಾಗಿ ಶಾಲೆಗಳ ಬಾಗಿಲು ಮುಚ್ಚಿ, ಮನೆಯ ಪಡಸಾಲೆಯೇ ಪಾಠಶಾಲೆಯಾಯಿತು. ಆ ಸಮಯದಲ್ಲಿ ವೈಟ್‌ಹ್ಯಾಟ್ ಜೂನಿಯರ್ ಎಂಬ ಆನ್‌ಲೈನ್ ಬೋಧನಾ ಸಂಸ್ಥೆಯು ಎಳೆಯ ಮಕ್ಕಳಿಗೆ ಕೋಡಿಂಗ್ ಕಲಿಸುವುದಾಗಿ ದೇಶದಾದ್ಯಂತ ಪ್ರಚಾರ ಕೈಗೊಂಡಿತು. ವುಲ್ಫ್ ಗುಪ್ತ ಎಂಬ ಬಾಲಕನಿಗೆ ಗೂಗಲ್ ಕಂಪನಿಯಲ್ಲಿ ಕೋಟಿಗಟ್ಟಲೆ ಸಂಬಳದ ಉದ್ಯೋಗ ದೊರೆತಿದೆಯೆಂದು ಅದರ ಜಾಹೀರಾತುಗಳು ಸಾರಿದವು. ಒಂದು ಜಾಹೀರಾತಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆ ಬಾಲಕನ ವಯಸ್ಸೂ ಬದಲಾಗುತ್ತಿತ್ತು, ಸಂಬಳವೂ ಬದಲಾಗುತ್ತಿತ್ತು. ಅಂಥ ಬಾಲಕನೇ ಇರಲಿಲ್ಲ. ಅವನು ಕೇವಲ ಕಲ್ಪನೆಯ ಕೂಸು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಬೈಜೂಸ್ ಸಂಸ್ಥೆಯು ವೈಟ್‌ಹ್ಯಾಟ್ ಜೂನಿಯರನ್ನು ಸುಮಾರು 30 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅನಂತರ ಜಾಹೀರಾತು ಮಾನದಂಡ ಮಂಡಳಿಯು ಅದರ ಐದು ಜಾಹೀರಾತುಗಳನ್ನು ಹಿಂತೆಗೆದುಕೊಳ್ಳುವಂತೆ ಸೂಚಿಸಿತು.

ಇಷ್ಟೇ ಆಗಿದ್ದರೆ ಅದು ವ್ಯಾಪಾರದ ಅತಿಶಯೋಕ್ತಿಯ ಹಳೆಯ ಕಥೆಯಾಗುತ್ತಿತ್ತು. ವಿಚಾರಯೋಗ್ಯವಾದುದು ಮುಂದಿನ ಭಾಗ. ಸಂಸ್ಥೆಯ ಬೋಧನೆಯನ್ನೂ ಪ್ರಚಾರವನ್ನೂ ಬಹಿರಂಗವಾಗಿ ಟೀಕಿಸಿದ ಓರ್ವ ಇಂಜಿನಿಯರನ ಯೂಟ್ಯೂಬ್ ಚಾನೆಲುಗಳು, ಕೃತಿಸ್ವಾಮ್ಯ ಉಲ್ಲಂಘನೆಯ ದೂರುಗಳ ಫಲವಾಗಿ ಒಂದರ ಹಿಂದೊಂದು ಕಣ್ಮರೆಯಾದವು. 2020ರ ನವೆಂಬರಿನಲ್ಲಿ ಅವನ ಮೇಲೆ ದೆಹಲಿ ಉಚ್ಚ ನ್ಯಾಯಾಲಯದಲ್ಲಿ 20 ಕೋಟಿ ರೂಪಾಯಿಗಳ ಮಾನನಷ್ಟ ದಾವೆ ಹೂಡಲಾಯಿತು. ಇಂಥ ಉದ್ಯಮಗಳಲ್ಲಿ ಹಣ ತೊಡಗಿಸುವ ಮುಂಬಯಿಯ ಓರ್ವ ವೈದ್ಯರ ಮೇಲೆ 14 ಕೋಟಿ ರೂಪಾಯಿಗಳ ಇನ್ನೊಂದು ದಾವೆ. ಹುಡುಗನಿಗೆ ಸಿಕ್ಕಿತೆಂದ ಸಂಬಳವೂ ಕೋಟಿಗಳಲ್ಲಿ, ಪ್ರಶ್ನಿಸಿದವರಿಂದ ಕೇಳಿದ ದಂಡವೂ ಕೋಟಿಗಳಲ್ಲಿ!

ಆದರೂ ಟೀಕಾಕಾರನ ಮಾತೆಲ್ಲ ನಿರ್ದೋಷವಾಗಿತ್ತೆಂದು ಭಾವಿಸುವುದು ಏಕಾಂತವಾದವಾದೀತು. ಆ ಸಂಸ್ಥೆಯ ಬೋಧಕರಲ್ಲಿ ಬಹುಪಾಲು ಮನೆಯಿಂದಲೇ ದುಡಿಯುತ್ತಿದ್ದ ಮಹಿಳೆಯರು. ಅವರ ವಿದ್ಯಾರ್ಹತೆಯ ಕುರಿತು ಆಡಿಕೊಳ್ಳದಂತೆ ನ್ಯಾಯಾಲಯವು ಟೀಕಾಕಾರನಿಗೆ ಮಧ್ಯಂತರ ಆಜ್ಞೆ ಮಾಡಿತು. ಸಂಸ್ಥೆಯ ಆಡಳಿತವರ್ಗದ ಮೇಲಿನ ಕೋಪವನ್ನು ಸಂಬಳಕ್ಕೆ ದುಡಿಯುವ ಅಧ್ಯಾಪಕಿಯ ಮೇಲೆ ತೀರಿಸಿಕೊಳ್ಳುವುದು ಭಾಷಾಸಮಿತಿಯನ್ನು ಬಲ್ಲವರಿಗೆ ಒಪ್ಪಿಗೆಯಾಗದು. ಆದರೆ ಅದಕ್ಕೂ, ಇಲ್ಲದ ಬಾಲಕನನ್ನು ಏಕೆ ಸೃಷ್ಟಿಸಿದಿರಿ ಎಂಬ ಪ್ರಶ್ನೆಗೂ ಸಂಬಂಧವಿಲ್ಲ. ಮೊದಲನೆಯದನ್ನು ಮುಂದೊಡ್ಡಿ ಎರಡನೆಯದರಿಂದ ನುಣುಚಿಕೊಳ್ಳುವುದು ದಾವೆಯ ದಾರಿಯಲ್ಲಿ ಸುಲಭ. 2021ರಲ್ಲಿ ಸಂಸ್ಥೆಯು ಎರಡೂ ದಾವೆಗಳನ್ನು ಹಿಂತೆಗೆದುಕೊಂಡಿತು. ಹೀಗಾಗಿ ಸತ್ಯಾಸತ್ಯಗಳ ಕುರಿತು ಅಂತಿಮ ತೀರ್ಪು ಬರಲೇ ಇಲ್ಲ.

ದಾವೆ ಅಪರೂಪದ ಅಸ್ತ್ರ. ನಿತ್ಯ ಬಳಕೆಯ ಉಪಾಯಗಳು ಇದಕ್ಕಿಂತ ಮೃದು, ಆದುದರಿಂದಲೇ ಹೆಚ್ಚು ಪರಿಣಾಮಕಾರಿ. ಮೊದಲ ಉಚಿತ ಪಾಠ ಮುಗಿದು ಮಗು ಇನ್ನೂ ಉಲ್ಲಾಸದಲ್ಲಿರುವಾಗಲೇ ತಂದೆತಾಯಿಗಳಿಂದ ಐದು ನಕ್ಷತ್ರಗಳ ಮೆಚ್ಚುಗೆ ಬರೆಯಿಸಿಕೊಳ್ಳುವುದು ಒಂದು. ಆರು ತಿಂಗಳ ಅನಂತರ, ಕಲಿಸುವವರು ಮೂರು ಬಾರಿ ಬದಲಾದ ಮೇಲೆ, ಅಭಿಪ್ರಾಯ ಕೇಳುವವರು ಯಾರೂ ಇರುವುದಿಲ್ಲ. ಅಸಮಾಧಾನ ಪ್ರಕಟವಾದ ಕೂಡಲೇ ‘ವಿವರಗಳನ್ನು ಖಾಸಗಿಯಾಗಿ ಕಳುಹಿಸಿ’ ಎಂದು ವಿನಯದಿಂದ ಬರೆದು ಮಾತನ್ನು ಮರೆಗೆ ಸಾಗಿಸುವುದು ಇನ್ನೊಂದು. ಬರೆದದ್ದನ್ನು ಅಳಿಸಿದರೆ ಮಾತ್ರ ಶುಲ್ಕ ಹಿಂದಿರುಗಿಸುವುದಾಗಿ ಹೇಳುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಅಲ್ಲಿ ನೊಂದವನ ಬಾಯಿಂದಲೇ ಮುಂದಿನವನಿಗೆ ಮೋಸವಾಗುತ್ತದೆ. ಕಂತಿನ ಸಾಲ ಮಾಡಿ ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟಿದ ಗೃಹಸ್ಥನಿಗೆ ಆ ಶರತ್ತನ್ನು ನಿರಾಕರಿಸುವ ಧೈರ್ಯ ಎಲ್ಲಿಂದ ಬರಬೇಕು?

ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸಿದ ಆಚಾರ್ಯರು ವ್ಯವಹಾರವನ್ನು ಹತ್ತಿರದಿಂದ ಕಂಡವರು. ಐದರಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಇನ್ನೊಬ್ಬರು ಹೇಳದ್ದನ್ನು ಹೇಳಿದರೆಂದು ಬರೆಯುವುದು ಕೂಟಲೇಖಕ್ರಿಯೆ; ಕೂಲಿಗೆ ಬರೆಯಿಸಿದ ಪ್ರಶಂಸೆಗೆ ಇದಕ್ಕಿಂತ ತಕ್ಕ ಹೆಸರಿಲ್ಲ. ಒತ್ತೆಯಿಟ್ಟವನು ತನ್ನ ವಸ್ತುಗಳ ಲೆಕ್ಕ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು ನ್ಯಾಸಾಪಹಾರ. ಇಲ್ಲಿ ಸುಳ್ಳು ಆಡಿದ್ದು ಒಂದೇ ಮಾತು, ಅದೂ ಸಮ್ಮತಿಯ ಮಾತು. ಇನ್ನೂ ನಡೆಯದ ಪಾಠಗಳ ಮುಂಗಡ ಹಣವೂ ಒಂದು ಬಗೆಯ ನ್ಯಾಸವೇ. ಉಳಿದ ತರಗತಿಗಳೆಷ್ಟೆಂಬ ಲೆಕ್ಕ ಸಂಸ್ಥೆಯ ಬಳಿ ಇರುತ್ತದೆ, ಕೇಳುವವನ ಬಳಿ ಇರುವುದಿಲ್ಲ.

ಕಾನೂನು ತಡವಾಗಿಯಾದರೂ ಇತ್ತ ನೋಡಿದೆ. ವಿಮರ್ಶೆ ಬರೆಯಬಾರದೆಂದು ಗ್ರಾಹಕರಿಂದ ಮುಚ್ಚಳಿಕೆ ಬರೆಯಿಸಿಕೊಳ್ಳುವ ಕರಾರುಗಳನ್ನು ಅಮೆರಿಕವು 2016ರಲ್ಲೇ ಅಸಿಂಧುಗೊಳಿಸಿತು. 2024ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೃತಕ ವಿಮರ್ಶೆಗಳನ್ನೂ, ಬುಡವಿಲ್ಲದ ಕಾನೂನು ಬೆದರಿಕೆಯಿಂದ ಟೀಕೆಯನ್ನು ಅಡಗಿಸುವುದನ್ನೂ ನಿಷೇಧಿಸಿತು. ಭಾರತೀಯ ಮಾನಕ ಸಂಸ್ಥೆಯು 2022ರ ನವೆಂಬರಿನಲ್ಲಿ ಆನ್‌ಲೈನ್ ವಿಮರ್ಶೆಗಳ ಸಂಗ್ರಹ, ಪರಿಶೀಲನೆ, ಪ್ರಕಟಣೆಗಳಿಗೆ ಒಂದು ಮಾನದಂಡವನ್ನು ಹೊರತಂದಿತು. ಪ್ರಾಮಾಣಿಕತೆ, ನಿಖರತೆ, ಪಾರದರ್ಶಕತೆ ಎಲ್ಲವೂ ಅದರಲ್ಲಿವೆ. ಆದರೆ ಅದನ್ನು ಪಾಲಿಸುವುದನ್ನು ಸಂಸ್ಥೆಗಳ ಇಷ್ಟಕ್ಕೆ ಬಿಡಲಾಯಿತು. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತರಬೇತಿ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, ಉತ್ತೀರ್ಣರಾದವರ ಹೆಸರು, ಭಾವಚಿತ್ರಗಳನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಸಕೂಡದೆಂದು ವಿಧಿಸಿತು.

ದೂರನ್ನು ಆಲಿಸುವುದು ಸಂಸ್ಥೆಯ ಹಿತಕ್ಕೂ ಅಗತ್ಯವಿತ್ತೆಂಬುದಕ್ಕೆ ಬೈಜೂಸ್‌ನ ಚರಿತ್ರೆಯನ್ನೇ ನೋಡಬಹುದು. ಪೋಷಕರನ್ನು ಒತ್ತಾಯಿಸಿ ಪಾಠಗಳನ್ನು ಮಾರಲಾಗುತ್ತಿದೆಯೆಂಬ ಆರೋಪದ ಮೇಲೆ 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಅದರ ಮುಖ್ಯಸ್ಥರಿಗೆ ಸಮನ್ಸ್ ನೀಡಿತ್ತು. 2024ರ ಜುಲೈನಲ್ಲಿ, ಭಾರತೀಯ ಕ್ರಿಕೆಟ್ ಮಂಡಳಿಗೆ ಸಲ್ಲಬೇಕಾಗಿದ್ದ ಸುಮಾರು 158 ಕೋಟಿ ರೂಪಾಯಿಗಳ ಬಾಕಿಯ ಅರ್ಜಿಯ ಮೇರೆಗೆ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ಆ ಸಂಸ್ಥೆಯ ಮೇಲೆ ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಕುಸಿತಕ್ಕೆ ಸಾಲ, ಅತಿವಿಸ್ತಾರ, ಲೆಕ್ಕಪತ್ರಗಳ ವಿಳಂಬ ಮುಂತಾದ ಕಾರಣಗಳಿದ್ದವು ನಿಜ. ಆದರೆ ಲೆಕ್ಕಪರಿಶೋಧಕರಿಗಿಂತ ಬಹಳ ಮೊದಲೇ, ಒಂದು ನಕ್ಷತ್ರ ಕೊಟ್ಟು ಎರಡು ಸಾಲು ಬರೆದು, ಹಣ ಹಿಂದಿರುಗಿಸಿ ಎಂದು ಕೇಳಿದ್ದವರು ಸಾಮಾನ್ಯ ತಂದೆತಾಯಿಗಳು.