ಟಿವಿಯ ಮುಖ ಮೂಡಣಕ್ಕಿರಲಿ

ಹಳೆಯ ಕಲರ್ ಟಿವಿಯನ್ನು ಜತನದಿಂದ ಉಳಿಸಿಕೊಂಡವರಿಗೆ ನನ್ನದೊಂದು ಮಾತು. ಅಂಚಿನಲ್ಲಿ ಬಣ್ಣ ಕೆಟ್ಟಿದೆಯೆಂದು ಪಿಕ್ಚರ್ ಟ್ಯೂಬಿನ ಕತ್ತಿಗೆ ಕೈ ಹಾಕುವ ಮೊದಲು, ಸೆಟ್ಟು ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ.

1975ರ 'ಸೈಟ್' ಪ್ರಯೋಗದಲ್ಲಿ ಆಗಿನ ವಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ಉಪಗ್ರಹದ ಮೂಲಕ ಬಂದದ್ದು ಕಪ್ಪು-ಬಿಳುಪು ಟಿವಿ. ಅದರಲ್ಲಿ ಒಂದೇ ಕಿರಣ, ದಿಕ್ಕಿನ ಗೊಡವೆಯಿಲ್ಲ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದ ಮೇಲೆ ಬಂದ ಟ್ಯೂಬುಗಳಲ್ಲಿ ಬಣ್ಣಕ್ಕೊಂದರಂತೆ ಕಿರಣ ಹೊಮ್ಮಿಸುವ ಮೂರು ಗನ್. ಪರದೆಯ ಹಿಂದೆ ಮೇಲಿಂದ ಕೆಳಕ್ಕೆ ಉದ್ದುದ್ದ ಸೀಳುಗಳ ತೆಳು ಉಕ್ಕಿನ ತಗಡು. ಕೆಂಪು, ಹಸಿರು, ನೀಲಿ ಕಿರಣಗಳು ಆ ಸೀಳುಗಳಲ್ಲಿ ತೂರಿ ತಂತಮ್ಮ ಬಣ್ಣದ ಪಟ್ಟಿಗೇ ತಾಗಬೇಕು. ಕೂದಲೆಳೆಯಷ್ಟು ಸರಿದರೂ ಪಕ್ಕದ ಬಣ್ಣ ಹೊತ್ತಿಕೊಳ್ಳುತ್ತದೆ.

ಭೂಮಿಯ ಕಾಂತಬಲವೂ ಈ ಕಿರಣಗಳನ್ನು ಎಳೆಯುತ್ತದೆ. ನಮ್ಮ ಸೀಮೆ ಕಾಂತೀಯ ಸಮಭಾಜಕಕ್ಕೆ ಹತ್ತಿರ. ಹೀಗಾಗಿ ಇಲ್ಲಿ ಆ ಬಲ ಬಹುಪಾಲು ನೆಲಕ್ಕೆ ಸಮನಾಗಿ ದಕ್ಷಿಣೋತ್ತರ ಹಾಯುತ್ತದೆ. ಸೆಟ್ಟು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದರೆ ಕಿರಣ ಮೇಲೆ ಕೆಳಗೆ ಸರಿಯುತ್ತದೆ, ಅಂದರೆ ತನ್ನ ಪಟ್ಟಿಯ ಗುಂಟವೇ. ಬಣ್ಣಕ್ಕೆ ಧಕ್ಕೆಯಿಲ್ಲ. ಉತ್ತರ ಅಥವಾ ದಕ್ಷಿಣಕ್ಕೆ ತಿರುಗಿಸಿದರೆ ಚಿತ್ರ ತುಸು ತಿರುಚಿಕೊಂಡು, ಮೇಲಂಚು ಕೆಳಗಂಚಿನಲ್ಲಿ ಕಿರಣ ಪಕ್ಕಕ್ಕೆ ಜಾರುತ್ತದೆ. ದಿಕ್ಕು ಬದಲಿಸಿದ ಮೇಲೆ ಸೆಟ್ಟನ್ನು ಅರ್ಧ ಗಂಟೆ ಆರಲು ಬಿಟ್ಟು ಹಚ್ಚಿ. ಆ ತಗಡಿಗೆ ಹತ್ತಿದ ಕಾಂತತ್ವ ಅಳಿಸುವ ಡಿಗಾಸಿಂಗ್ ಕಾಯಿಲಿಗೆ ಕರೆಂಟು ಬಿಡುವ ಪಾಸಿಸ್ಟರ್ ಬಿಸಿ ಇದ್ದಾಗ ಕೆಲಸ ಮಾಡದು. ಕರೆಂಟು ಹೋಗಿ ಮರುಕ್ಷಣವೇ ಬರುವ ನಮ್ಮೂರುಗಳಲ್ಲಿ ಬಣ್ಣದ ಕಲೆ ಹಾಗೇ ಉಳಿಯುವುದು ಇದರಿಂದಲೇ.

ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಮೆಕ್ಯಾನಿಕ್ಕು. ಒಳಗೆ 25,000 ವೋಲ್ಟಿನ ಆಸುಪಾಸು ಇರುತ್ತದೆ, ಬೇರೆಯವರು ಮುಟ್ಟಬಾರದು. ಮೆಕ್ಯಾನಿಕ್ಕುಗಳಲ್ಲಿ ಹಲವರು ಮೊದಲು ಮೂರು ಬಣ್ಣದ ಗೆರೆ ಕೂಡಿಸಲು ಹೊರಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಹಸಿರು, ನೀಲಿ ನಂದಿಸಿ ಪರದೆ ಪೂರಾ ಕೆಂಪಾಗಿಸುವುದು ಮೊದಲ ಕೆಲಸ. ಆ ಕೆಂಪು ಎಲ್ಲೂ ಕಲೆಯಿಲ್ಲದೆ ಬರಬೇಕು. ಟ್ಯೂಬಿನ ಕತ್ತಿನಲ್ಲಿ ಕಿರಣ ತಿರುಗಿಸುವ ಕಾಯಿಲಾದ ಯೋಕನ್ನು ಹಿಂದೆ ಸರಿಸಿ, ಅಲ್ಲೇ ಇರುವ ಕಾಂತದ ಪ್ಯೂರಿಟಿ ರಿಂಗಿನಿಂದ ನಡುವಿನ ಕೆಂಪನ್ನು ತಿದ್ದಿ, ಯೋಕನ್ನು ಮೆಲ್ಲಗೆ ಮುಂದೆ ತಳ್ಳುತ್ತ ಅಂಚಿನತನಕ ಹರಡಬೇಕು. ಆಮೇಲೆ ಚೌಕುಳಿ ಗೆರೆಗಳ ಚಿತ್ರ ಹಾಕಿ ಗೆರೆ ಕೂಡಿಸಬೇಕು. ನಾಲ್ಕು ಧ್ರುವದ ರಿಂಗುಗಳಿಂದ ಕೆಂಪು-ನೀಲಿ ಒಂದಾಗುತ್ತವೆ, ಆರು ಧ್ರುವದವುಗಳಿಂದ ಆ ಜೋಡಿ ಹಸಿರಿನ ಮೇಲೆ ಕೂಡುತ್ತದೆ. ಅಂಚಿನ ಗೆರೆಗಳಿಗೆ ಯೋಕನ್ನು ಓರೆ ಮಾಡಿ ರಬ್ಬರ್ ತುಂಡು ಸಿಕ್ಕಿಸಬೇಕು. ಕೊನೆಗೆ ಫೋಕಸ್. ಅದನ್ನು ಪರದೆಯ ನಟ್ಟನಡುವೆ ನೋಡಿ ತಿರುಗಿಸಿದರೆ ಮೂಲೆ ಮಸುಕಾಗುತ್ತದೆ. ನಡುವಿಗೂ ಅಂಚಿಗೂ ಮಧ್ಯದ ಗೆರೆ ನೋಡಿಯೇ ತಿರುಗಿಸಲು ಹೇಳಿ.