ತಲೆಯಿಲ್ಲದ ಗಿಟಾರೂ 55 ಸೆಂಟಿಮೀಟರೂ

ಜಾಝ್ ನುಡಿಸಿಕೊಂಡೇ ಹೊಟ್ಟೆ ಹೊರೆಯುವ ಗೆಳೆಯನೊಬ್ಬನಿದ್ದಾನೆ. ಈ ವಾರ ಗೋವಾ, ಮುಂದಿನ ವಾರ ಮುಂಬೈ. ಹೋದ ವರ್ಷ ವಿಮಾನದ ಲಗೇಜಿಗೆ ಹಾಕಿದ್ದ ಅವನ ಹಾಲೋಬಾಡಿ ಗಿಟಾರು ಕತ್ತು ಮುರಿದುಕೊಂಡು ಬಂತು. ಆ ರಾತ್ರಿಯ ಕಾರ್ಯಕ್ರಮ ಹೋಯ್ತು, ದುಡ್ಡೂ ಹೋಯ್ತು. "ನೀನು ಇಂಜಿನಿಯರ್ ಅಲ್ವಾ, ಹೊತ್ಕೊಂಡು ಓಡಾಡೋಕೆ ಯಾವ ಗಿಟಾರ್ ಸರಿ, ಲೆಕ್ಕ ಹಾಕಿ ಹೇಳು" ಅಂದ.

ಎಲ್ಲರೂ ಮೊದಲು ಬೆರಳು ತೋರಿಸುವುದು ತಲೆಯಿಲ್ಲದ ಸ್ಟೈನ್‌ಬರ್ಗರ್ ಕಡೆಗೆ. ಅಲನ್ ಹೋಲ್ಡ್ಸ್‌ವರ್ತ್‌ನಂಥವನು ನುಡಿಸಿದ ವಾದ್ಯ, ಕಡಿಮೆಯದೇನಲ್ಲ. ಉದ್ದ ಸುಮಾರು 30 ಇಂಚು, ಅಂದರೆ 76 ಸೆಂ.ಮೀ. ಆದರೆ ನಮ್ಮ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಬ್ಯಾಗಿನ ಮಿತಿ ಸಾಮಾನ್ಯವಾಗಿ 55 ಸೆಂ.ಮೀ., 7 ಕೆಜಿ. ಪೂರ್ಣ ಅಳತೆಯ ಗಿಟಾರಿನಲ್ಲಿ ಮಿಡಿಯುವ ತಂತಿಯೇ 25.5 ಇಂಚು, ಹೆಚ್ಚುಕಡಿಮೆ 65 ಸೆಂ.ಮೀ. ಅಂದಮೇಲೆ ತಲೆ ತೆಗೆದರೂ ಲೆಕ್ಕ ಕೂಡಲ್ಲ. ಒಳಗೆ ಬಿಡುವುದು ಗೇಟಿನಲ್ಲಿ ನಿಂತವರ ದಯೆ, ಗಿಟಾರಿನ ವಿನ್ಯಾಸವಲ್ಲ.

ಇನ್ನೊಂದು ತಕರಾರು ತಂತಿಯದು. ಸ್ಟೈನ್‌ಬರ್ಗರಿಗೆ ಎರಡೂ ತುದಿಯಲ್ಲಿ ಗುಂಡು ಇರುವ ತಂತಿ ಬೇಕು. ಪರವೂರಿನಲ್ಲಿ ಸಂಜೆ ಏಳಕ್ಕೆ ತಂತಿ ಹರಿದರೆ ಯಾವ ಅಂಗಡಿಯಲ್ಲಿ ಹುಡುಕುವುದು? ಜಾಝ್‌ನವರು ಇಷ್ಟಪಡುವ ಫ್ಲಾಟ್‌ವೂಂಡ್ ಕೇಳಿದರಂತೂ ಮುಗೀತು. ನಮ್ಮ ಭಾಷೆಯಲ್ಲಿ ಇದಕ್ಕೆ ವೆಂಡರ್ ಲಾಕ್-ಇನ್ ಅಂತಾರೆ.

ನನ್ನ ಓಟು ಹಳೇ ಟೆಲಿಕಾಸ್ಟರಿಗೆ. "ಹಲಗೆ ಗಿಟಾರಲ್ಲಿ ಜಾಝಾ? 16 ಇಂಚು ಅಗಲದ ಇಎಸ್-175 ಎಲ್ಲಿ, ಇದೆಲ್ಲಿ?" ಅನ್ನುವವರು ಎಡ್ ಬಿಕರ್ಟ್‌ನನ್ನು ಕೇಳಬೇಕು. 1975ರಲ್ಲಿ ಟೊರಾಂಟೊದ ಬೋರ್ಬನ್ ಸ್ಟ್ರೀಟ್ ಕ್ಲಬ್ಬಿನಲ್ಲಿ ಪಾಲ್ ಡೆಸ್ಮಂಡ್ ಜೊತೆ ಅವನು ನುಡಿಸಿದ್ದು ಟೆಲಿಕಾಸ್ಟರನ್ನೇ. ಕಣ್ಣು ಮುಚ್ಚಿ ಕೇಳಿದರೆ ಹಲಗೆ ನೆನಪಿಗೇ ಬರಲ್ಲ. ಕತ್ತಿನ ಕಡೆಯ ಪಿಕಪ್, ಇಳಿಸಿದ ಟೋನ್, ಉಳಿದದ್ದು ಬೆರಳು.

ಇದರ ಕತ್ತನ್ನು ಅಂಟಿಸಿಲ್ಲ, ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದಾರೆ. ತಂತಿ ಸಡಿಲಿಸಿ, ಕ್ಯಾಪೊ ಹಾಕಿ, ಕತ್ತು ಬಿಚ್ಚಿ, ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಮಲಗಿಸಬಹುದು. ಪದೇ ಪದೇ ಬಿಚ್ಚಿದರೆ ಮರದ ತೂತು ಸವೆಯುತ್ತದೆ, ನಿಜ. ಅಲ್ಲಿ ಲೋಹದ ಇನ್ಸರ್ಟ್ ಕೂರಿಸಿ ಮಷೀನ್ ಸ್ಕ್ರೂ ಹಾಕಿಸಿದರೆ ಆ ಚಿಂತೆಯೂ ಇಲ್ಲ.

ಕೊರತೆ ಇಲ್ಲವೇ? ಇದೆ. ಮನೆಯಲ್ಲಿ ಒಬ್ಬನೇ ಕೂತು ಆಂಪ್ ಇಲ್ಲದೆ ಮೀಟಿದರೆ ಹಾಲೋಬಾಡಿ ತುಂಬಿ ಮಾತಾಡುತ್ತದೆ, ಇದು ಪಿಸುಗುಟ್ಟುತ್ತದೆ. ಆ ಸುಖ ಬಿಡಬೇಕು.

ನಮ್ಮೂರಿನ ನಾಟಕಕ್ಕೆ ಬರುತ್ತಿದ್ದ ಪೇಟಿ ಮಾಸ್ತರು ತಮ್ಮ ಪೇಟಿಯನ್ನು ಎಂದೂ ಬಸ್ಸಿನ ಮೇಲೆ ಹಾಕಿದವರಲ್ಲ. ಮೂರು ತಾಸು ತೊಡೆಯ ಮೇಲೇ ಇಟ್ಟುಕೊಂಡು ಬರೋರು. ಜಂಬ ಅಂದ್ಕೊಂಡಿದ್ದೆ. ಈಗ ಗೊತ್ತಾಗ್ತಿದೆ, ಅದು ಅವರ ಮನೆಯ ಅನ್ನ. ಗೆಳೆಯ ಸೆಕೆಂಡ್‌ಹ್ಯಾಂಡ್ ಟೆಲಿ ತಗೊಂಡ. ಹಳೆಯದು ಕತ್ತು ಅಂಟಿಸಿಕೊಂಡು ಮನೆಯಲ್ಲಿದೆ, ಊರಿಗೆ ಬಂದಾಗ ನುಡಿಸೋಕೆ.