ಶಾಲೆಯ ಪುಟಕ್ಕೆ ಸಾಕ್ಷಿ ಯಾರು?

ವಿಕಿಪೀಡಿಯದಲ್ಲಿ ಶಾಲೆಯೊಂದರ ಪುಟ ತೆರೆದ ಕೂಡಲೇ ನನ್ನ ಕಣ್ಣು ನಾಲ್ಕು ಪದಗಳನ್ನು ಹುಡುಕುತ್ತದೆ: ಪ್ರತಿಷ್ಠಿತ, ನುರಿತ, ಸತತ, ಮಾದರಿ. ಇವುಗಳಲ್ಲಿ ಎರಡು ಸಿಕ್ಕರೂ ಸಾಕು, ಬರೆದವರು ಶಾಲೆಯ ಒಳಗಿನವರು ಎಂದು ತಿಳಿದುಬಿಡುತ್ತದೆ. ‘ನುರಿತ ಶಿಕ್ಷಕ ವೃಂದವುಳ್ಳ ಈ ಪ್ರತಿಷ್ಠಿತ ಸಂಸ್ಥೆಯು ಸತತವಾಗಿ ಶೇ 100 ಫಲಿತಾಂಶ ಪಡೆಯುತ್ತಾ ತಾಲ್ಲೂಕಿಗೇ ಮಾದರಿಯಾಗಿದೆ’ ಎಂಬ ಧಾಟಿಯ ವಾಕ್ಯ ಚಳ್ಳಕೆರೆಯ ಯಾವ ಶಾಲೆಗಾದರೂ ಹೊಂದುತ್ತದೆ, ಮೊಳಕಾಲ್ಮುರಿನದಕ್ಕೂ ಹೊಂದುತ್ತದೆ. ಓದಿ ಮುಗಿಸಿದವನಿಗೆ ಆ ಶಾಲೆಯ ಬಗ್ಗೆ ಮಾತ್ರ ಏನೂ ತಿಳಿದಿರುವುದಿಲ್ಲ.

ಅಂಥ ವಾಕ್ಯವನ್ನು ನಾನು ಒಂದೇ ಏಟಿಗೆ ಅಳಿಸುವುದಿಲ್ಲ, ಪದ ಪದವಾಗಿ ಬಿಡಿಸುತ್ತೇನೆ. ‘ಪ್ರತಿಷ್ಠಿತ’ ಹೋಗಲೇಬೇಕು. ‘ನುರಿತ’ಕ್ಕೂ ಅದೇ ಗತಿ. ‘ಸತತ’ ಎಂದರೆ ಯಾವ ವರ್ಷದಿಂದ ಯಾವ ವರ್ಷದವರೆಗೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲಿ ವರದಿಯಾಗಿದ್ದರೆ ಆ ವರ್ಷವನ್ನು ಹೆಸರಿಸಿ ಉಳಿಸಬಹುದು, ಪರೀಕ್ಷೆಗೆ ಕೂತವರ ಸಂಖ್ಯೆಯೂ ಜೊತೆಗಿರಬೇಕು. ಹತ್ತಾರು ಮಕ್ಕಳ ಶಾಲೆಯ ಶೇ 100ಕ್ಕೂ ಇನ್ನೂರು ಮಕ್ಕಳ ಶಾಲೆಯ ಶೇ 100ಕ್ಕೂ ಅಜಗಜಾಂತರ. ಕೊನೆಗೆ ಉಳಿಯುವುದು ಹೆಸರು, ಊರು, ಆಡಳಿತ, ತರಗತಿಗಳು, ಬೋಧನಾ ಮಾಧ್ಯಮ, ಶಾಲೆಯನ್ನು ಗುರುತಿಸುವ 11 ಅಂಕಿಯ ಯು-ಡೈಸ್ ಸಂಖ್ಯೆ. ಇಷ್ಟೇ ಇರುವ ಪುಟವನ್ನು ನಾನು ಖುಷಿಯಿಂದ ಓದುತ್ತೇನೆ. ಅದರ ಒಂದೊಂದು ಮಾತನ್ನೂ ಯಾರು ಬೇಕಾದರೂ ಹೋಗಿ ತಾಳೆ ನೋಡಬಹುದು.

ಜಗಳ ಹುಟ್ಟುವುದೂ ಇಲ್ಲೇ. ಅಳಿಸಿದ ಪದ ಮರುದಿನ ವಾಪಸು ಬಂದಿರುತ್ತದೆ. ಮತ್ತೆ ತೆಗೆದರೆ ಚರ್ಚಾಪುಟದಲ್ಲಿ ‘ನಿಮಗೆ ನಮ್ಮ ಶಾಲೆ ಮೇಲೆ ಯಾಕೆ ದ್ವೇಷ?’ ಎಂಬ ಪ್ರಶ್ನೆ. ಕೇಳುವವರು ಬಹುಪಾಲು ಹಳೆಯ ವಿದ್ಯಾರ್ಥಿಗಳು, ಇಲ್ಲವೇ ಮುಖ್ಯೋಪಾಧ್ಯಾಯರು ಒಪ್ಪಿಸಿದ ಕೆಲಸ ಮಾಡುತ್ತಿರುವ ಕಂಪ್ಯೂಟರ್ ಮೇಷ್ಟ್ರು. ಅವರ ಅಭಿಮಾನ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ವಿಶ್ವಕೋಶಕ್ಕೆ ಬೇಕಾಗಿರುವುದು ಶಾಲೆಯಿಂದ ಏನೂ ಪಡೆಯದ, ಶಾಲೆಗೆ ಏನೂ ಕೊಡಬೇಕಿಲ್ಲದ ಮೂರನೆಯವರು ಅಚ್ಚುಹಾಕಿದ ಮಾತು.

ಇಷ್ಟು ಕಟ್ಟುನಿಟ್ಟು ಯಾಕೆ ಎನ್ನುವವರಿಗೆ ಒಂದು ಪ್ರಕರಣ ನೆನಪಿಸುತ್ತೇನೆ. ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಸಂಸ್ಥೆಯ ಇಂಗ್ಲಿಷ್ ವಿಕಿಪೀಡಿಯ ಪುಟವನ್ನು ‘ವೈಫೈಒನ್’ ಎಂಬ ಹೆಸರಿನ ನಿರ್ವಾಹಕರೊಬ್ಬರು ವರ್ಷಗಟ್ಟಲೆ ಸಂಸ್ಥೆಗೆ ಅನುಕೂಲವಾಗುವಂತೆ ತಿದ್ದುತ್ತಾ ಬಂದಿದ್ದರು. 2015ರ ಫೆಬ್ರುವರಿಯಲ್ಲಿ ವಿಕಿಪೀಡಿಯದ ಪಂಚಾಯ್ತಿ ಸಮಿತಿ ಅವರ ಅಧಿಕಾರ ಕಿತ್ತುಕೊಂಡು ನಿಷೇಧ ಹಾಕಿತು. ಅದಕ್ಕೆ ಕೆಲವೇ ತಿಂಗಳು ಮೊದಲು, 2014ರಲ್ಲಿ, ದೆಹಲಿ ಹೈಕೋರ್ಟ್ ಆ ಸಂಸ್ಥೆ ‘ಎಂಬಿಎ’, ‘ಬಿ-ಸ್ಕೂಲ್’ ಎಂಬ ಪದಗಳನ್ನು ಬಳಸಬಾರದೆಂದು ಹೇಳಿತ್ತು. ಹಾಗೆ ತಿದ್ದುತ್ತಿದ್ದ ವರ್ಷಗಳಲ್ಲಿ ಆ ಪುಟ ಓದಿ ನಂಬಿದ ಅಪ್ಪ ಅಮ್ಮಂದಿರೂ ಇದ್ದಿರಬೇಕು. ಮಗುವನ್ನು ಎಲ್ಲಿಗೆ ಸೇರಿಸೋಣ ಎಂದು ಫೋನಿನಲ್ಲಿ ಹುಡುಕುವ ಪರಶುರಾಂಪುರದ ಅಥವಾ ನಾಯಕನಹಟ್ಟಿಯ ತಾಯಿಗೆ ‘ಪ್ರತಿಷ್ಠಿತ’ ಎಂಬ ಪದವೂ ಒಂದು ಮಾಹಿತಿಯಾಗಿಯೇ ಕಾಣುತ್ತದೆ.

ಶಾಲೆ ಇದೆ ಎಂದ ಮಾತ್ರಕ್ಕೆ ಅದಕ್ಕೊಂದು ಪುಟ ಇರಲೇಬೇಕೆಂದಿಲ್ಲ ಎಂದು ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು 2017ರಲ್ಲಿ ದೀರ್ಘ ಚರ್ಚೆಯ ನಂತರ ಒಪ್ಪಿಕೊಂಡರು. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯಕ್ಕೂ ಇದು ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ. ಸಾಕ್ಷಿ ಕಡಿಮೆಯಿರುವ ಶಾಲೆಗೆ ಊರಿನ ಪುಟದಲ್ಲೇ ಒಂದು ಪ್ಯಾರಾ ಕೊಡಿ. ಪ್ರೊ. ಟಿ.ಎಸ್. ವೆಂಕಣ್ಣಯ್ಯನವರ ತಳುಕು, ‘ಯೇಗ್ದಾಗೆಲ್ಲಾ ಐತೆ’ ಬರೆದು ಊರಲ್ಲೇ ಶಾಲೆ ಕಟ್ಟಿದ ಕೃಷ್ಣಶಾಸ್ತ್ರಿಗಳ ಬೆಳಗೆರೆ, ಇವುಗಳ ಪುಟದಲ್ಲಿ ಶಾಲೆಯ ಪ್ಯಾರಾ ಬಂದರೆ ಊರೂ ಬೆಳಗುತ್ತದೆ, ಶಾಲೆಗೂ ಹಿನ್ನೆಲೆ ಸಿಗುತ್ತದೆ.

‘ಕಣ್ಣೆದುರಿಗೆ ದಾಖಲಾತಿ ವಹಿ ಇದೆ, ಮೊದಲ ಹುಡುಗನ ಹೆಸರಿದೆ, ತಾರೀಕಿದೆ, ಇದಕ್ಕಿಂತ ಸಾಕ್ಷಿ ಬೇಕೆ?’ ಇದು ನಾನು ಅತಿ ಹೆಚ್ಚು ಗೌರವಿಸುವ ಆಕ್ಷೇಪ. ಇದಕ್ಕೆ ಉತ್ತರ ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸತ್ಯ ನುಡಿಯಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತು ಅಲ್ಲಿದೆ. ಕೊನೆಯಲ್ಲಿ ಬರೆದವನು ತಾನು ಚಪಡ ಎಂದು ಹೆಸರು ಹಾಕಿದ್ದಾನೆ. ತಾನು ಲಿಪಿಕಾರ ಎಂಬುದನ್ನು ಮಾತ್ರ ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ನೀವು ಬ್ರಾಹ್ಮಿ ಕಲಿತವರೇ ಇರಬಹುದು, ಬಂಡೆಯ ಮುಂದೆ ನಿಂತು ಓದಿಯೂ ಇರಬಹುದು. ಆದರೂ ವಿಶ್ವಕೋಶದಲ್ಲಿ ಬರೆಯುವಾಗ ರೈಸ್ ಅವರ, 1925ರಲ್ಲಿ ಬಂದ ಹುಲ್ಟ್ಶ್ ಅವರ ಪಾಠವನ್ನು ಉಲ್ಲೇಖಿಸಬೇಕು. ಊರಿನ ಹಳಮೆಯ ಬಗ್ಗೆ ಹೇಳಬೇಕಾದರೆ 1947ರಲ್ಲಿ ಬ್ರಹ್ಮಗಿರಿಯಲ್ಲಿ ಅಗೆದ ಮಾರ್ಟಿಮರ್ ವೀಲರ್ ಅವರ ವರದಿಯನ್ನು. ನಿಮ್ಮ ಓದು ತಪ್ಪೆಂದಲ್ಲ. ಅವರ ಓದು ಅಚ್ಚಾಗಿದೆ, ಬೇರೆ ವಿದ್ವಾಂಸರು ಅದನ್ನು ಒರೆಗೆ ಹಚ್ಚಿದ್ದಾರೆ, ಧಾರವಾಡದಲ್ಲಿ ಕೂತವರೂ ತೆಗೆದು ನೋಡಬಹುದು. ಮುಖ್ಯೋಪಾಧ್ಯಾಯರ ಬೀರುವಿನೊಳಗಿನ ವಹಿ ಇನ್ನೂ ಯಾರೂ ಪ್ರಕಟಿಸದ ಶಾಸನ.

ಹಾಗಾದರೆ ಅಚ್ಚಾದದ್ದು ಏನಿದೆ? 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್ ಇದೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳಿವೆ. ಎರಡನ್ನೂ ಎಚ್ಚರದಿಂದ ಬಳಸಬೇಕು. ಗೆಜೆಟಿಯರೂ ವಿಶ್ವಕೋಶದ ಹಳೆಯ ಸಂಪುಟಗಳೂ ಬರುವಾಗ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದವು, ಬೇರೆಯಾದದ್ದು 1997ರಲ್ಲಿ. ಆ ಗ್ರಂಥಗಳಲ್ಲಿನ ಶಾಲೆಗಳ ಲೆಕ್ಕವನ್ನು ‘ಜಿಲ್ಲೆಯಲ್ಲಿ ಇಷ್ಟು ಶಾಲೆಗಳಿವೆ’ ಎಂದು ವರ್ತಮಾನಕಾಲದಲ್ಲಿ ಎತ್ತಿ ಹಾಕಿದರೆ ಮೂಲ ಸರಿಯಿದ್ದೂ ಮಾತು ಸುಳ್ಳಾಗುತ್ತದೆ. ಇನ್ನು ಶತಮಾನೋತ್ಸವದ ಸ್ಮರಣ ಸಂಚಿಕೆಗಳು. ಮುಖ್ಯೋಪಾಧ್ಯಾಯರ ಪಟ್ಟಿ, ಕಟ್ಟಡ ಎದ್ದ ವರ್ಷ, ಇಂಥ ತಕರಾರಿಲ್ಲದ ಸಂಗತಿಗಳಿಗೆ ಅವು ಸಾಕು. ಜಾಗ ಕೊಟ್ಟ ಮನೆತನ ಯಾವುದು ಎಂಬ ವಿಷಯಕ್ಕೆ ಸಾಲದು. ಹಳ್ಳಿಯಲ್ಲಿ ದಾನಿಯ ಹೆಸರಿನ ಹಿಂದೆ ಜಾತಿ, ಕೇರಿ, ದಾಯಾದಿ ಮನಸ್ತಾಪ ಎಲ್ಲ ಇರುತ್ತವೆ. ಎರಡು ಹೇಳಿಕೆಗಳಿದ್ದರೆ ಎರಡನ್ನೂ, ಯಾವುದು ಎಲ್ಲಿಂದ ಬಂತು ಎಂಬುದರ ಸಮೇತ ಬರೆಯಿರಿ.

ತಟಸ್ಥತೆಗೆ ದೊಡ್ಡ ಪರೀಕ್ಷೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಕ್ಯಾಂಪಸ್ ಅಲ್ಲಿ 1,500 ಎಕರೆಯಲ್ಲಿದೆ. ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿ ಕೊಡುವ ಪ್ರತಿಭಾ ಅಭಿವೃದ್ಧಿ ಕೇಂದ್ರ ಇರುವುದು ಅಲ್ಲೇ. ಆ ನೆಲ ಅಮೃತ ಮಹಲ್ ಕಾವಲು. ದನ, ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕುವವರ ಹುಲ್ಲುಗಾವಲು. ಆ ನೆಲವನ್ನು ಸಂಸ್ಥೆಗೆ ಕೊಟ್ಟ ವಿಷಯ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2014ರಲ್ಲಿ ತೀರ್ಪು ಬಂತು. ಈ ಪುಟ ಬರೆಯುವಾಗ ತರಬೇತಿಯ ವಿವರಕ್ಕೆ ಸಂಸ್ಥೆಯ ಮಾತನ್ನು ನಂಬಬಹುದು, ಮೇವಿನ ವಿಷಯಕ್ಕೆ ನಂಬುವಂತಿಲ್ಲ. ಹೋರಾಟಗಾರರ ಕರಪತ್ರವೂ ಒಂದು ಕಡೆಯದೇ. ನ್ಯಾಯಮಂಡಳಿಯ ಆದೇಶ, ಅದು ನೇಮಿಸಿದ ಸತ್ಯಶೋಧನಾ ತಂಡದ ವರದಿ ಇವೆ, ಅಲ್ಲಿಂದ ಹೊರಡಬೇಕು. ಹೊಗಳಿಕೆಗೆ ಐದು ಸಾಲು, ದೂರಿಗೆ ಐದು ಸಾಲು ಎಂದು ಅಳೆದು ಹಾಕುವುದನ್ನು ತಟಸ್ಥತೆ ಎಂದುಕೊಂಡವರು ಬಹಳ. ನನ್ನ ಪ್ರಕಾರ ಯಾವ ಮಾತಿಗೆ ಎಷ್ಟು ಗಟ್ಟಿ ಸಾಕ್ಷಿ ಇದೆಯೋ ಅದಕ್ಕೆ ಅಷ್ಟು ಜಾಗ. ಕುರಿಗಾಹಿ ಪತ್ರಿಕಾ ಹೇಳಿಕೆ ಹೊರಡಿಸುವುದಿಲ್ಲ, ಆದ್ದರಿಂದ ಅವನ ಪಾಲಿನ ಸಾಕ್ಷಿಯನ್ನು ಸಂಪಾದಕನೇ ಹುಡುಕಿಕೊಂಡು ಹೋಗಬೇಕು.

ಈ ವರ್ಷ ಶತಮಾನೋತ್ಸವಕ್ಕೆ ಅಣಿಯಾಗುತ್ತಿರುವ ಶಾಲೆಗಳ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಸಂಚಿಕೆಯಲ್ಲಿ ಗಣ್ಯರ ಶುಭಾಶಯದ ಪುಟಗಳನ್ನು ಕಡಿಮೆ ಮಾಡಿ. ದಾಖಲಾತಿ ವಹಿಯ ಮೊದಲ ಪುಟದ ಚಿತ್ರ ಅಚ್ಚುಹಾಕಿಸಿ, ಮಂಜೂರಾತಿ ಆದೇಶದ ಸಂಖ್ಯೆ, ತಾರೀಕು ಕೊಡಿ, ಜಾಗದ ದಾನಪತ್ರವಿದ್ದರೆ ಅದನ್ನೂ. ಶಾಲೆಗೆ ಸಂಬಂಧವಿಲ್ಲದ ಇತಿಹಾಸದ ಅಧ್ಯಾಪಕರೊಬ್ಬರಿಂದ ಅವನ್ನು ಓದಿಸಿ, ಅವರ ಹೆಸರಿನಲ್ಲೇ ಲೇಖನ ಬರೆಸಿ. ಒಂದು ಪ್ರತಿಯನ್ನು ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೂ ತಲುಪಿಸಿ.